ಇನ್ಸ್‌ಪೆಕ್ಟ್ರು ಬಂದ ದಿನ ನಮ್ಮನೆ ಮದುವೆ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಯಾವ ಮದುವೆಯೂ ಇರಲಿಲ್ಲ. ಇರುವ ಒಬ್ಬಳೇ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಳೆ. ನನ್ನ ಗಂಡ ಮಂಜುನಾಥ್‌ಗೆ ಇನ್ನೊಂದು ಮದುವೆಯಾಗುವಷ್ಟು ಧೈರ್ಯವಿಲ್ಲ, ಇದ್ದಿದ್ದರೆ ನಾನೇ ಬೆನ್ನು ತಟ್ಟುತ್ತಿದ್ದೆ. ಆದರೂ ಕಳೆದ ಡಿಸೆಂಬರಿನ ಒಂದು ಗುರುವಾರ ಹಾನುಬಾಳಿನಿಂದ ವನಗೂರಿನವರೆಗೆ ಆರುನೂರ ಹದಿನಾಲ್ಕು ಜನಕ್ಕೆ ನಮ್ಮ ಮನೆಯ ಮದುವೆಗೆ ಕರೆ ಹೋಯಿತು. ಕರೆದವಳು ನಾನು. ಅಂದರೆ ನನ್ನ ಫೋನು.

ನಾನು ಚಂದ್ರಿಕಾ. ಹಾನುಬಾಳಿನ ಬಸ್ ಸ್ಟ್ಯಾಂಡಿನ ಎದುರು ಹೋಟೆಲ್ ಇಟ್ಟಿದ್ದೇನೆ. ಅಕ್ಕಿರೊಟ್ಟಿ, ಕಾಯಿಚಟ್ನಿ, ಕಾಫಿ. ಅದು ಹೊಟ್ಟೆಪಾಡು. ನನ್ನ ನಿಜವಾದ ಕೆಲಸ ಆನೆ.

ನಮ್ಮ ಕಡೆ ಬೆಳಗ್ಗೆ ಎದ್ದವರು ಮೊದಲು ಕೇಳುವುದು ಆನೆ ಎಲ್ಲಿದೆ ಎಂದು. ಆಮೇಲೆ ಕಾಫಿ. ತೋಟಕ್ಕೆ ಹೋಗುವ ಹೆಂಗಸರು, ಸ್ಕೂಲಿಗೆ ಹೋಗುವ ಮಕ್ಕಳು, ಡೈರಿಗೆ ಹಾಲು ಹಾಕುವವರು, ಎಲ್ಲರಿಗೂ ಅದು ಗೊತ್ತಿರಬೇಕು. ನನ್ನ ಹೋಟೆಲಿಗೆ ಜೀಪಿನವರು, ಬಸ್ಸಿನವರು, ಫಾರೆಸ್ಟ್ ವಾಚರ್‌ಗಳು ಎಲ್ಲರೂ ಬರುವುದರಿಂದ ಸುದ್ದಿ ಮೊದಲು ಬೀಳುವುದು ನನ್ನ ಕಿವಿಗೆ. ನಾಲ್ಕು ವರ್ಷದ ಹಿಂದೆ ಫೋನಿನಲ್ಲಿ ಒಂದು ಗ್ರೂಪ್ ಮಾಡಿದೆ. ಹೆಸರು ‘ಆನೆ ಎಲ್ಲೈತೆ?’ ಇಲಾಖೆಯವರ ಮೆಸೇಜೂ ಬರುತ್ತದೆ, ಇಲ್ಲ ಎನ್ನುವುದಿಲ್ಲ. ಅದರಲ್ಲಿ ಊರಿನ ಹೆಸರಷ್ಟೇ ಇರುತ್ತದೆ. ನಾನು ಯಾರ ಮನೆ ಹಿಂದೆ, ಯಾವ ಮರದ ಕೆಳಗೆ, ಯಾವ ಕಡೆ ಮುಖ ಮಾಡಿಕೊಂಡು ನಿಂತಿದೆ ಎಂದು ಬರೆಯುತ್ತೇನೆ. ನಾನು ‘ನಿಲ್ಲಿ’ ಎಂದು ಬರೆದರೆ ಎಸ್ಟೇಟ್ ಟ್ರಾಕ್ಟರ್ ನಿಲ್ಲುತ್ತದೆ, ಬಸ್ಸು ನಿಲ್ಲುತ್ತದೆ. ಮಾತೆತ್ತಿದರೆ ಚಂದ್ರಕ್ಕ ಏನಂದ್ರು ಎಂದು ಕೇಳುತ್ತಾರೆ. ಇದಕ್ಕಿಂತ ದೊಡ್ಡ ಮರ್ಯಾದೆ ನನಗೆ ಬೇಕಾಗಿಲ್ಲ.

ಗ್ರೂಪಿಗೆ ಒಂದೇ ನಿಯಮ. ಆನೆ ಬಿಟ್ಟು ಬೇರೇನೂ ಬರಬಾರದು. ಶುಭೋದಯ ಕೂಡದು, ಗುಲಾಬಿ ಹೂ ಕೂಡದು, ದೇವರ ಫೋಟೋ ಅಂತೂ ಕೂಡಲೇ ಕೂಡದು. ಆನೆ ನಿಂತಿರುವ ಜಾಗದ ಮೇಲೆ ಹದಿನೆಂಟು ಜನ ಗುಲಾಬಿ ಹೂ ಸುರಿದರೆ ಸುದ್ದಿ ಹುಡುಕುವುದು ಎಲ್ಲಿಂದ? ಹೂ ಹಾಕಿದವರನ್ನು ಅದೇ ನಿಮಿಷಕ್ಕೆ ಹೊರಗೆ ತೆಗೆಯುತ್ತಿದ್ದೆ. ನನಗೆ ಹುಟ್ಟುಹಬ್ಬದ ಶುಭಾಶಯ ಹಾಕಿದ ಗಂಡನನ್ನೇ ಹದಿನೈದು ದಿನ ಹೊರಗಿಟ್ಟಿದ್ದೆ. ಮನೆಯಿಂದಲ್ಲ ಮಾರಾಯ್ರೆ, ಗ್ರೂಪಿನಿಂದ.

ಇಷ್ಟೆಲ್ಲ ಶಿಸ್ತಿನ ಹೆಂಗಸು ನಾನು, ಒಂದು ವಿಷಯದಲ್ಲಿ ಮಾತ್ರ ಮೊಂಡು. ನನ್ನ ಫೋನು ದಿನಾ ಬೆಳಗ್ಗೆ ‘ಅಪ್‌ಡೇಟ್ ಬಂದಿದೆ, ಈಗ ಹಾಕಲೇ?’ ಎಂದು ಕೇಳುತ್ತಿತ್ತು. ನಾನು ದಿನಾ ‘ಆಮೇಲೆ’ ಒತ್ತುತ್ತಿದ್ದೆ. ಒಂದು ದಿನವಲ್ಲ, ಎರಡು ದಿನವಲ್ಲ, ಮೂರು ವರ್ಷ. ಅಪ್‌ಡೇಟ್ ಹಾಕಿದರೆ ಫೋನು ಇಪ್ಪತ್ತು ನಿಮಿಷ ಸತ್ತಂತೆ ಬಿದ್ದಿರುತ್ತದಂತೆ. ಆ ಇಪ್ಪತ್ತು ನಿಮಿಷದಲ್ಲಿ ಆನೆ ಬಂದರೆ?

ಪಕ್ಕದ ಮೊಬೈಲ್ ಅಂಗಡಿಯ ಧನುಶ್ರೀ ಹೇಳಿ ಹೇಳಿ ಸೋತಿದ್ದಳು. ಸಕಲೇಶಪುರದಲ್ಲಿ ರಿಪೇರಿ ಕಲಿತು ಬಂದು ಅಂಗಡಿ ಹಾಕಿದ ಹುಡುಗಿ, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

"ಚಂದ್ರಕ್ಕ, ಆನೇನೂ ಮಲಗ್ತದೆ. ನಿಮ್ಮ ಫೋನಿಗೆ ಇಪ್ಪತ್ತು ನಿಮಿಷ ಬಿಡುವು ಕೊಡೋಕಾಗಲ್ವಾ?"

"ಆನೆ ಯಾವಾಗ ಮಲಗ್ತದೆ ಅಂತ ನೀನು ಬರ್ಕೊಡು, ಆಗ ಹಾಕ್ಕೊಂತೀನಿ" ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದೆ. ಕೂತವರೆಲ್ಲ ನಗುತ್ತಿದ್ದರು. ನನಗೂ ಹಿಗ್ಗು.

ಆ ಗುರುವಾರ ಹನ್ನೊಂದು ಗಂಟೆಗೆ ರೊಟ್ಟಿ ತಟ್ಟುತ್ತಿದ್ದಾಗ ಫೋನು ಕಿಣಿ ಎಂದಿತು. ನೋಡಿದರೆ ದೇವೀರಪ್ಪಣ್ಣನ ನಂಬರಿನಿಂದ ‘ನಮ್ಮ ಮನೆಯ ಮದುವೆಗೆ ತಪ್ಪದೆ ಬನ್ನಿ. ಕರೆಯೋಲೆ ಒತ್ತಿ ನೋಡಿ.’ ದೇವೀರಪ್ಪಣ್ಣ ನಮ್ಮ ಕಡೆಯ ಕಾಫಿ ಬೆಳೆಗಾರರು, ಇಪ್ಪತ್ತೆಕರೆ ತೋಟ, ಅರವತ್ತೆರಡು ವರ್ಷ. ಹೆಂಡತಿ ತೀರಿಕೊಂಡು ಏಳು ವರ್ಷವಾಯಿತು. ಒಬ್ಬಳೇ ಮಗಳು, ಅವಳಿಗೆ ಆಗಲೇ ಎರಡು ಮಕ್ಕಳು. ಹಾಗಾದರೆ ಮದುವೆ ಯಾರದ್ದು?

ನೀವೇ ಹೇಳಿ, ನೀವಾದರೆ ಒತ್ತದೆ ಇರುತ್ತಿದ್ದಿರಾ? ನನ್ನ ಕೈಯಲ್ಲಿ ಹಿಟ್ಟಿತ್ತು. ಸೆರಗಿಗೆ ಒರೆಸಿಕೊಳ್ಳುವಷ್ಟು ತಾಳ್ಮೆಯೂ ಇರಲಿಲ್ಲ. ಹಿಟ್ಟಿನ ಬೆರಳಲ್ಲೇ ಒತ್ತಿದೆ. ಫೋನು ಏನೋ ಕೇಳಿತು, ಸರಿ ಎಂದೆ. ಮತ್ತೇನೋ ಕೇಳಿತು, ಸರಿ ಸರಿ ಎಂದೆ. ಹುಡುಗಿ ಯಾರು ಎಂದು ತೋರಿಸು ಮೊದಲು! ಬಿಳಿ ಪರದೆ ಬಂತು, ಹೋಯಿತು. ಕರೆಯೋಲೆಯೂ ಇಲ್ಲ, ಮದುಮಗಳೂ ಇಲ್ಲ. ಒಲೆಯ ಮೇಲೆ ರೊಟ್ಟಿ ಸೀದು ಹೋಯಿತು. ಆಮೇಲೆ ಫೋನು ಕಿಣಿ ಎನ್ನಲೇ ಇಲ್ಲ, ಇವತ್ತು ಆನೆ ಇಲ್ಲ ಎಂದುಕೊಂಡು ನಾನೂ ಅತ್ತ ನೋಡಲಿಲ್ಲ.

ಮೂರೂವರೆಗೆ ಮಂಜುನಾಥ್ ಜೀಪನ್ನು ಹೋಟೆಲ್ ಮುಂದೆ ಗಕ್ಕನೆ ನಿಲ್ಲಿಸಿ ಓಡಿ ಬಂದರು. ಬಾಡಿಗೆ ಜೀಪು ಓಡಿಸುವ ಮನುಷ್ಯ, ಯಾವತ್ತೂ ಓಡಿದವರಲ್ಲ.

"ಏನೇ ಚಂದ್ರಿ, ಯಾರದ್ದೇ ಮದ್ವೆ?"

"ದೇವೀರಪ್ಪಣ್ಣಂದು ಇರ್ಬೇಕು" ಎಂದೆ, ನನಗೂ ಬಂತಲ್ಲ ಎಂಬ ಖುಷಿಯಲ್ಲಿ.

"ಅವರ್ದಲ್ಲ ಕಣೇ, ನಮ್ಮನೇದು! ದಾರೀಲಿ ಏಳು ಜನ ಕೈ ಕುಲುಕಿದ್ರು. ಒಬ್ಬ ‘ಮಗಳು ಇನ್ನೂ ಚಿಕ್ಕೋಳಲ್ವಾ’ ಅಂದ, ಇನ್ನೊಬ್ಬ ನನ್ನನ್ನೇ ಮೇಲಿಂದ ಕೆಳಗೆ ನೋಡ್ದ. ಏನ್ ಕಳಿಸಿದ್ದೀಯ ನೀನು?"

ಫೋನು ತೆಗೆದು ನೋಡಿದೆ. ಕಾದ ಹೆಂಚಿನ ಹಾಗೆ ಬಿಸಿಯಾಗಿತ್ತು. ‘ಆನೆ ಎಲ್ಲೈತೆ?’ ಗ್ರೂಪಿನಲ್ಲಿ ನನ್ನ ಹೆಸರಿನಿಂದ ಹತ್ತು ನಿಮಿಷಕ್ಕೊಮ್ಮೆ ಮದುವೆ ಕರೆ ಹೋಗುತ್ತಿತ್ತು. ಅದರ ಕೆಳಗೆ ಊರಿಗೆ ಊರೇ ನಾಲ್ಕು ವರ್ಷದ ಸೇಡು ತೀರಿಸಿಕೊಳ್ಳುತ್ತಿತ್ತು. ನಾನು ಹೊರಗೆ ಹಾಕಿ ಮತ್ತೆ ಸೇರಿಸಿಕೊಂಡವರೆಲ್ಲ ಗುಲಾಬಿ ಹೂ ಹಾಕಿದ್ದರು. ಬುಟ್ಟಿ ಬುಟ್ಟಿ ಹೂ! ‘ಶುಭೋದಯ ಚಂದ್ರಕ್ಕ, ಊಟಕ್ಕೆ ಹೋಳಿಗೆ ಐತಾ?’ ಎಂದು ಒಬ್ಬ. ‘ಆನೆಗೂ ಕರೆ ಹೋಗೈತಾ?’ ಎಂದು ಇನ್ನೊಬ್ಬ. ಐವತ್ತು ಜನ ಗ್ರೂಪನ್ನೇ ಬಿಟ್ಟು ಹೋಗಿದ್ದರು. ಸಿಟ್ಟು ಯಾರ ಮೇಲೆ ಮಾಡುವುದು ಎಂದು ತಿಳಿಯದೆ ಗಂಡನ ಮೇಲೆ ಮಾಡಿದೆ.

ಅಷ್ಟರಲ್ಲಿ ದೇವೀರಪ್ಪಣ್ಣನೇ ಬಂದರು. ಮುಖ ಕೆಂಪಗಾಗಿತ್ತು, ಆದರೆ ಅದು ಪೂರ್ತಿ ಸಿಟ್ಟಿನ ಕೆಂಪಲ್ಲ.

"ಚಂದ್ರಿಕಾ, ನನ್ನ ಫೋನಿಗೆ ಏನೋ ಆಗೈತಮ್ಮ. ಬೆಳಗ್ಗಿಂದ ಎಲ್ರಿಗೂ ನನ್ನ ಮದ್ವೆ ಅಂತ ಹೋಗ್ಬುಟ್ಟದೆ. ಆಲೂರಿಂದ ಒಬ್ರು ಫೋನ್ ಮಾಡಿ, ಹುಡುಗಿ ಇನ್ನೂ ಗೊತ್ತಾಗಿಲ್ಲ ಅಂದ್ರೆ ನಮ್ಮ ಕಡೆ ಒಬ್ಳವ್ಳೆ ಅಂತಾರೆ!"

"ನೀವೇನಂದ್ರಿ?"

"ಜಾತ್ಕ ಕಳ್ಸಿ ಅಂದ್ಬುಟ್ಟೆ, ಬಾಯ್ ತಪ್ಪಿ."

ಮಂಜುನಾಥ್ ಬೆಂಚಿನ ಮೇಲೆ ಬಿದ್ದು ಬಿದ್ದು ನಕ್ಕರು. ನಾನು ಇಬ್ಬರನ್ನೂ ಎಳೆದುಕೊಂಡು ಪಕ್ಕದ ಅಂಗಡಿಗೆ ಹೋದೆ.

ಧನುಶ್ರೀ ನನ್ನ ಫೋನನ್ನು ನೋಡಿದ್ದೇ ಸಿಮ್ ಕಿತ್ತು, ಫೋನು ಆಫ್ ಮಾಡಿ, ಸತ್ತ ಇಲಿಯನ್ನು ಇಡುವವರ ಹಾಗೆ ಡಬ್ಬಿಯೊಳಗೆ ಇಟ್ಟಳು.

"ಅದು ಕರೆಯೋಲೆ ಅಲ್ಲ ಚಂದ್ರಕ್ಕ, ಕಳ್ಳ. ನೀವು ಸರಿ ಸರಿ ಅಂತ ಒಳಗೆ ಕರ್ದು ಕೂರ್ಸಿದ್ದೀರ. ಈಗ ನಿಮ್ಮ ಗ್ರೂಪು, ನಿಮ್ಮ ನಂಬರು ಎಲ್ಲ ಅವನ ಕೈಲೈತೆ."

"ನನ್ನ ಫೋನು ಅವನನ್ನ ಯಾಕ್ ಬಿಟ್ಕೊಳ್ತು? ಹನ್ನೆರಡು ಸಾವಿರದ ಫೋನು!"

"ಅಪ್‌ಡೇಟ್ ಆಗಿದ್ರೆ ಬಿಡ್ತಿರ್ಲಿಲ್ಲ. ಕಳ್ರು ಎಲ್ಲಿ ನುಗ್ತಾರೆ ಅಂತ ಗೊತ್ತಾದಾಗೆಲ್ಲ ಕಂಪನಿಯೋರು ಆ ಜಾಗ ಮುಚ್ಚಿ ಕಳ್ಸ್ತಾರೆ, ಅದೇ ಅಪ್‌ಡೇಟು. ಈ ತೂತು ಮುಚ್ಚಿ ಎರಡು ವರ್ಷ ಆಯ್ತು. ಮುಚ್ಚಿದ್ದು ಗೊತ್ತಾದ್ಮೇಲೆ ತೂತು ಎಲ್ಲಿತ್ತು ಅಂತ ಕಳ್ರಿಗೂ ಗೊತ್ತಾಯ್ತದೆ. ಈಗ ಯಾರು ಮುಚ್ಕೊಂಡಿಲ್ಲ ಅಂತ ಹುಡುಕ್ಕೊಂಡು ತಿರುಗ್ತಾರೆ, ಅಷ್ಟೆ." ಅವಳು ದೇವೀರಪ್ಪಣ್ಣನ ಕಡೆ ತಿರುಗಿದಳು. "ದೇವೀರಪ್ಪೋರೆ, ನಿಮ್ಮ ತೋಟದ ಸೋಲಾರ್ ಬೇಲಿ ಹಾಕಿ ಮೂರು ವರ್ಷ ಆ ಕಡೆ ತಿರುಗಿ ನೋಡ್ದೆ ಇದ್ರೆ ಏನಾಯ್ತದೆ?"

"ಒಂದು ಕೊಂಬೆ ಬಿದ್ರೂ ಕರೆಂಟ್ ಹೋಯ್ತದೆ. ಆನೆ ಒಳಗೆ ಬರ್ತದೆ."

"ಬೇಲಿ ಐತಲ್ಲ ಅಂತ ನೀವು ನಿದ್ದೆ ಮಾಡ್ತಿರ್ತೀರ. ಹಂಗೇ ಇದೂನೂ."

ನನಗೆ ಆ ಮಾತು ಸೀದಾ ನಾಟಿತು. ಫೋನಿಗೆ ಬಿಡುವು ಕೊಟ್ಟರೆ ಆನೆ ಬಂದೀತೆಂದು ಹೆದರಿ, ಕಳ್ಳನಿಗೆ ಮೂರು ವರ್ಷ ಬಾಗಿಲು ತೆಗೆದಿಟ್ಟಿದ್ದೆ. ಆದರೂ ಸೋಲೊಪ್ಪುವ ಜಾಯಮಾನ ನನ್ನದಲ್ಲ. "ಆಯ್ತು, ಸಂಜೆ ನೋಡಾಣ" ಎಂದು ಎದ್ದೆ. ಆಗ ಮಂಜುನಾಥ್ ಫೋನು ಬಡಿದುಕೊಂಡಿತು.

ಫಾರೆಸ್ಟ್ ವಾಚರ್ ವೆಂಕಟೇಶ. ಅವನ ಉಸಿರು ನಮಗೆ ಕೇಳುತ್ತಿತ್ತು. "ಅಣ್ಣ, ಚಂದ್ರಕ್ಕನ ಫೋನ್ ಯಾಕೆ ಆಫು? ಇನ್ಸ್‌ಪೆಕ್ಟ್ರು ಗುಡ್ಡ ಇಳ್ದು ಬಂದವ್ನೆ. ಬಿದಿರು ತಿರುವಲ್ಲಿ ಮೋರಿ ಪಕ್ಕ ನಿಂತವ್ನೆ. ಅಕ್ಕಂಗೆ ಹೇಳಿ ಬೇಗ ಗ್ರೂಪಿಗೆ ಹಾಕ್ಸಿ, ಕೆಲಸ ಬಿಡೋ ಹೊತ್ತಾಯ್ತು!"

ಇನ್ಸ್‌ಪೆಕ್ಟ್ರು ಅಂದರೆ ಒಂಟಿ ಸಲಗ. ಒಂದೊಂದು ಎಸ್ಟೇಟಿಗೂ ಹೋಗಿ, ಸ್ಟೋರಿನ ಬಾಗಿಲು ಮೂಸಿ, ಕೂಲಿಯವರ ಲೈನ್ ಮನೆಗಳ ಮುಂದೆ ಒಂದು ಸುತ್ತು ಹೊಡೆದು, ಎಲ್ಲ ಸರಿಯಿದೆಯಾ ಎಂದು ನೋಡಿ ಹೋಗುವವನ ಹಾಗೆ ಹೋಗುತ್ತದೆ, ಅದಕ್ಕೆ ಆ ಹೆಸರು. ಕೆಟ್ಟದ್ದಲ್ಲ. ಆದರೆ ಎದುರಿಗೆ ಸಿಕ್ಕವರನ್ನು ಬಿಡುವುದಿಲ್ಲ. ಆ ತಿರುವಿನ ಆಚೆ ಇರುವ ಎಸ್ಟೇಟಿನಲ್ಲೇ ನನ್ನ ಅಕ್ಕ ಮಾದೇವಮ್ಮ ಕಾಫಿ ಕೊಯ್ಯಲು ಹೋಗುವುದು. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ.

ಧನುಶ್ರೀಯ ಫೋನು ಕಿತ್ತುಕೊಂಡು ಅವಳ ಹೆಸರಿನಿಂದ ಗ್ರೂಪಿಗೆ ಬರೆದೆ. ‘ನಾನು ಚಂದ್ರಿಕಾ. ನಿಜವಾಗಲೂ. ಇನ್ಸ್‌ಪೆಕ್ಟ್ರು ಬಿದಿರು ತಿರುವಿನಲ್ಲಿದೆ. ಯಾರೂ ಬರಬೇಡಿ, ನಿಲ್ಲಿ.’

ಅರ್ಧ ನಿಮಿಷಕ್ಕೆ ಉತ್ತರ ಬಂತು. ‘ಮದ್ವೆಗೆ ಬಂದಿರ್ಬೇಕು, ಕೂರ್ಸಿ ಊಟ ಹಾಕಿ.’ ಅದರ ಕೆಳಗೆ ನಗುವ ಮುಖಗಳು. ಅದರ ಕೆಳಗೆ ಗುಲಾಬಿ ಹೂ.

ನಾಲ್ಕು ವರ್ಷ ಹೋಬಳಿಯನ್ನೇ ನಿಲ್ಲಿಸಿದ ಮಾತು ನನ್ನದು, ಈಗ ಒಬ್ಬನನ್ನೂ ನಿಲ್ಲಿಸಲಿಲ್ಲ. ಮಂಜುನಾಥ್ ಅಕ್ಕನಿಗೆ ಫೋನು ಮಾಡಿದರು. ಸಿಗಲೇ ಇಲ್ಲ. ಎಸ್ಟೇಟಿನ ರೈಟರಿಗೆ ಮಾಡಿದರು. ಕೆಲಸದವರ ಹಾಜರಿ ಬರೆಯುವ ಆ ಪುಣ್ಯಾತ್ಮ ಎತ್ತಿದ.

"ಉಳಿದೋರನ್ನ ಇಲ್ಲೇ ನಿಲ್ಲಿಸ್ಕೊತೀನಿ ಕಣ್ರೀ. ಆದ್ರೆ ಮಾದೇವಮ್ಮ ಆಗ್ಲೇ ಹೊರಟ್ಬುಟ್ರು. ‘ತಂಗಿ ಮನೇಲಿ ಮದ್ವೆ, ಊರಿಗೆಲ್ಲ ಕರೆದವ್ಳೆ, ಒಡಹುಟ್ಟಿದೋಳಿಗೆ ಒಂದು ಮಾತು ಹೇಳಿಲ್ಲ, ಹೋಗಿ ಕೇಳೇ ಕೇಳ್ತೀನಿ’ ಅಂತ ಬುಟ್ಟಿ ಬಿಸಾಕಿ ಹೋದ್ರು. ಒಬ್ರೇ."

ಜೀಪಿಗೆ ಯಾರು ಮೊದಲು ಹತ್ತಿದರೋ ಗೊತ್ತಿಲ್ಲ. ಮಂಜುನಾಥ್, ನಾನು, ಧನುಶ್ರೀ, ಅಂಗಡಿಗೆ ಬೀಗವಿಲ್ಲ, ಹೋಟೆಲಿನ ಒಲೆ ಆರಿಸಿಲ್ಲ. ದೇವೀರಪ್ಪಣ್ಣನೂ ಹಿಂದೆ ಹತ್ತಿದ್ದರು. "ನೀವ್ಯಾಕಣ್ಣ?" ಎಂದರೆ "ಮೊದ್ಲು ಶುರುವಾಗಿದ್ದು ನನ್ನ ಮದ್ವೆಯಿಂದ್ಲೇ ಅಲ್ವೇನಮ್ಮ" ಎಂದರು. ಜೀಪು ಗುಂಡಿಗೆ ಬಿದ್ದಾಗಲೆಲ್ಲ ಅವರ ತಲೆ ಮೇಲಿನ ಕಂಬಿಗೆ ಬಡಿಯುತ್ತಿತ್ತು, ಅವರು ಪ್ರತಿ ಸಲ ಒಂದೊಂದು ದೇವರ ಹೆಸರು ಹೇಳುತ್ತಿದ್ದರು. ದೇವರು ಮುಗಿದ ಮೇಲೆ ನೆಂಟರ ಹೆಸರು ಶುರುಮಾಡಿದರು. ನಗಬಾರದ ಹೊತ್ತಿನಲ್ಲಿ ಧನುಶ್ರೀಗೆ ನಗು ಬಂತು, ಅದು ನನಗೂ ಅಂಟಿತು, ನಾನು ಅಳುತ್ತ ನಗುತ್ತ ದಾರಿಯುದ್ದಕ್ಕೂ ಅಕ್ಕನನ್ನು ಬೈಯುತ್ತಿದ್ದೆ.

ಬಿದಿರು ತಿರುವಿನಲ್ಲಿ ರಸ್ತೆ ಗದ್ದೆ ಬಯಲನ್ನು ಬಳಸಿಕೊಂಡು ಲಾಳದ ಹಾಗೆ ತಿರುಗುತ್ತದೆ. ನಾವಿರುವ ಕಡೆಯಿಂದ ಬಯಲಿನಾಚೆಯ ರಸ್ತೆ ಕಾಣುತ್ತದೆ. ನಡುವೆ ತಿರುವಿನಲ್ಲಿ ದಟ್ಟ ಬಿದಿರುಮೆಳೆ, ಅದರ ಹಿಂದೆ ಇನ್ಸ್‌ಪೆಕ್ಟ್ರು. ಈ ಕಡೆ ವೆಂಕಟೇಶ ಕೈ ಅಡ್ಡ ಹಿಡಿದು ನಿಂತಿದ್ದ. ಆ ಕಡೆಗೆ ಅವನು ಹೋಗಬೇಕೆಂದರೆ ಆನೆಯನ್ನು ದಾಟಿಯೇ ಹೋಗಬೇಕು.

ಬಯಲಿನಾಚೆ ಅಕ್ಕ ಬರುತ್ತಿದ್ದಳು. ತಲೆಗೆ ಟವೆಲ್ ಸುತ್ತಿಕೊಂಡು, ಒಂದು ಕೈ ಬೀಸುತ್ತ, ಒಬ್ಬಳೇ ಮಾತಾಡಿಕೊಂಡು. ಇನ್ನು ನೂರು ಹೆಜ್ಜೆ ನಡೆದರೆ ತಿರುವು.

"ಅಕ್ಕಾ, ನಿಲ್ಲು! ಬರಬ್ಯಾಡ!" ಎಂದೆ.

ಅವಳು ನಿಂತಳು. ನನ್ನನ್ನು ನೋಡಿದಳು. ಸೊಂಟದ ಮೇಲೆ ಕೈಯಿಟ್ಟಳು.

"ಕರಿದೆ ಇದ್ದಿದ್ದು ಸಾಲ್ದು ಅಂತ ಬರಬ್ಯಾಡ ಬೇರೆ ಅಂತೀಯೇನೇ, ಚಂದ್ರೀ? ಬಂದೇ ಬತ್ತೀನಿ!"

"ಮದ್ವೆ ಇಲ್ಲ ಕಣಕ್ಕಾ! ಆನೆ! ಆನೆ ಐತೆ!"

"ಏನ್ ಸುಳ್ಳೇ! ನಾನು ಬರ್ದೇ ಇರ್ಲಿ ಅಂತ ಆನೆ ಹೆಸ್ರು ಹೇಳ್ತೀಯಾ?" ಎಂದು ಮೊದಲಿಗಿಂತ ಜೋರಾಗಿ ಹೆಜ್ಜೆ ಹಾಕಿದಳು.

"ಚಂದ್ರಕ್ಕ, ಕೂಗ್ಬೇಡಿ, ಅವ್ನು ಕಿವಿ ಎತ್ತವ್ನೆ" ಎಂದು ವೆಂಕಟೇಶ ಪಿಸುಗುಟ್ಟಿದ. ನಾನು ಒಂದು ಕೈಯನ್ನು ಮೂಗಿನ ಮುಂದೆ ಸೊಂಡಿಲ ಹಾಗೆ ಅಲ್ಲಾಡಿಸಿದೆ. ಇನ್ನೊಂದು ಕೈಯಲ್ಲಿ ಕಿವಿ ಬೀಸಿದೆ. ಅಕ್ಕ ಅದನ್ನೂ ನೋಡಿದಳು. "ಕುಣಿತೀಯಾ? ನನ್ನ ಮುಂದೆ ಕುಣಿತೀಯಾ?"

ನನಗಿನ್ನೇನೂ ಹೊಳೆಯಲಿಲ್ಲ. ಆನೆಯ ವಿಷಯದಲ್ಲಿ ನನ್ನ ಮಾತನ್ನು ಅಕ್ಕ ನಂಬಲಿಲ್ಲ. ನನ್ನ ಅಕ್ಕ! ಸೀರೆ ಎತ್ತಿ ಕಟ್ಟಿಕೊಂಡು ಗದ್ದೆಗೆ ಹಾರಿಬಿಟ್ಟೆ. ಕೊಯ್ಲು ಮುಗಿದ ಗದ್ದೆ, ಮೇಲೆ ಒಣಗಿದಂತೆ ಕಂಡರೂ ಒಳಗೆಲ್ಲ ಕೆಸರು. ನನ್ನ ತೂಕ ಎಷ್ಟೆಂದು ನಾನು ಹೇಳುವುದಿಲ್ಲ. ಮೊದಲ ಹೆಜ್ಜೆಗೆ ಎಡಗಾಲಿನ ಚಪ್ಪಲಿ ಹೋಯಿತು, ನಾಲ್ಕನೆಯದಕ್ಕೆ ಬಲಗಾಲಿನದು. ಹಿಂದೆ ದೇವೀರಪ್ಪಣ್ಣ ಪಂಚೆ ಎತ್ತಿ ಹಾರಿದ್ದು ಕೇಳಿಸಿತು, ಆಮೇಲೆ ಬಿದ್ದದ್ದೂ ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ಬದು ಹತ್ತಿ, ಬದು ಇಳಿದು, ಭತ್ತದ ಕೂಳೆ ಕಾಲಿಗೆ ಚುಚ್ಚುತ್ತಿದ್ದರೂ ಓಡಿದೆ. ನನ್ನ ಇಷ್ಟು ವರ್ಷದ ಆಯುಸ್ಸಿನಲ್ಲಿ ಹಾಗೆ ಓಡಿರಲಿಲ್ಲ.

ರಸ್ತೆ ಹತ್ತಿ ಅಕ್ಕನ ರಟ್ಟೆ ಹಿಡಿದಾಗ ತಿರುವಿಗೆ ಇಪ್ಪತ್ತು ಹೆಜ್ಜೆ ಇತ್ತು. ಅವಳು ಬಾಯಿ ತೆಗೆದಳು. ನಾನು ಕೆಸರಿನ ಕೈಯಲ್ಲೇ ಅವಳ ಬಾಯಿ ಮುಚ್ಚಿ, ದರದರ ಎಳೆದುಕೊಂಡು ರಸ್ತೆಯ ಕೆಳಗಿನ ಹುಲ್ಲಿನ ಮೆದೆಯ ಹಿಂದೆ ಕೂರಿಸಿದೆ. ಅವಳು ನನ್ನ ಕೈ ಕಚ್ಚಿದಳು. ನಾನು ಬಿಡಲಿಲ್ಲ.

ಬಿದಿರು ಲಟಲಟ ಎಂದಿತು. ಇನ್ಸ್‌ಪೆಕ್ಟ್ರು ರಸ್ತೆಗೆ ಬಂತು. ಅಕ್ಕ ನಿಂತು ಬೈಯುತ್ತಿದ್ದ ಜಾಗಕ್ಕೇ ಬಂದು, ಸೊಂಡಿಲನ್ನು ನೆಲಕ್ಕೆ ಚಾಚಿ ಮೂಸಿತು. ಒಂದು ಗಳಿಗೆ ನಮ್ಮ ಕಡೆ ಕಿವಿ ಅಗಲಿಸಿ ನಿಂತಿತು. ನನ್ನ ಕೈಯೊಳಗೆ ಅಕ್ಕನ ಹಲ್ಲು ಹಾಗೇ ಇತ್ತು. ಗದ್ದೆಯ ನಡುವೆ ದೇವೀರಪ್ಪಣ್ಣ ಕೆಸರಿನಲ್ಲಿ ಅಂಗಾತ ಮಲಗಿ ಆಕಾಶ ನೋಡುತ್ತಿದ್ದರು, ಉಸಿರಾಡುತ್ತಿದ್ದರೋ ಇಲ್ಲವೋ. ಆಮೇಲೆ ಅದು, ಇಲ್ಲಿ ಎಲ್ಲ ಸರಿಯಿದೆ ಎನ್ನುವ ಹಾಗೆ ತಲೆಯಾಡಿಸಿ, ಮೇಲಿನ ಕಾಫಿ ತೋಟದೊಳಕ್ಕೆ ನಡೆದು ಹೋಯಿತು.

ಎಷ್ಟು ಹೊತ್ತು ಕೂತಿದ್ದೆವೋ. ಅಕ್ಕ ಮೆಲ್ಲಗೆ ನನ್ನ ಕೈ ಬಿಟ್ಟಳು. "ನಿಜ್ವಾಗ್ಲೂ ಇತ್ತಲ್ಲೇ" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಅವಳ ಬಾಯಿಯ ಸುತ್ತ ನನ್ನ ಕೈಯ ಕೆಸರು ಮೀಸೆಯ ಹಾಗೆ ಅಂಟಿತ್ತು. ಅವಳೂ ನಗತೊಡಗಿದಳು. ಇಬ್ಬರೂ ಹುಲ್ಲಿನ ಮೆದೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಧನುಶ್ರೀ ಓಡಿ ಬಂದವಳು ನಮಗೆ ಹುಚ್ಚು ಹಿಡಿಯಿತೆಂದುಕೊಂಡಳು.

ನಗು ಮುಗಿದ ಮೇಲೆ ಅಕ್ಕ ಸೊಂಟದಿಂದ ಫೋನು ತೆಗೆದು ತೋರಿಸಿದಳು. ಬಿಳಿ ಪರದೆ, ಅಲ್ಲಾಡುತ್ತಿರಲಿಲ್ಲ. "ಕರೆಯೋಲೆ ಅಂತಿತ್ತು, ಒತ್ತಿದೆ. ಆವಾಗ್ಲಿಂದ ಹಿಂಗೇ ಐತೆ."

"ಗೊತ್ತಿಲ್ದಿರೋದೆಲ್ಲ ಯಾಕಕ್ಕ ಒತ್ತೋಕೆ ಹೋದೆ?" ಎಂದು ಗದರಿದೆ. ಎಂಥ ನಾಲಿಗೆ ನೋಡಿ ನನ್ನದು!

"ಗೊತ್ತಿಲ್ದೆ ಏನು? ನಿನ್ನ ಹೆಸ್ರಿತ್ತಲ್ಲ" ಎಂದಳು.

ನನ್ನ ಫೋನಿಗೆ ಬಾಗಿಲಿದ್ದರೆ ಅದು ನನ್ನ ಒಬ್ಬಳ ಬಾಗಿಲೆಂದುಕೊಂಡಿದ್ದೆ. ಕಳ್ಳ ಬಂದರೆ ನನ್ನದು ಹೋಗುತ್ತದೆ, ಹೋಗಲಿ, ನನ್ನಲ್ಲಿ ಇರುವುದಾದರೂ ಏನು ಎಂದುಕೊಂಡಿದ್ದೆ. ಅವನು ಕದ್ದದ್ದು ನನ್ನ ಹೆಸರನ್ನು. ಆ ಹೆಸರು ಹೇಳಿಕೊಂಡು ಅಕ್ಕನ ಫೋನಿನೊಳಕ್ಕೂ ಹೋದ, ಅಕ್ಕನನ್ನು ಆನೆಯ ದಾರಿಗೂ ತಂದ.

ಮರುದಿನ ಧನುಶ್ರೀ ಒದ್ದಾಡಿ ನನ್ನ ನಂಬರನ್ನು ವಾಪಸ್ ಬಿಡಿಸಿಕೊಟ್ಟಳು. ಫೋನಿನಲ್ಲಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಕೂರಿಸಿದಳು. "ಈಗ ಅಪ್‌ಡೇಟ್ ಹಾಕ್ಲಾ? ಇಪ್ಪತ್ತು ನಿಮಿಷ" ಎಂದು ಕಣ್ಣು ಮಿಟುಕಿಸಿದಳು.

"ಅಷ್ಟೊತ್ತಲ್ಲಿ ಆನೆ..." ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ಎದುರಿಗೆ ವೆಂಕಟೇಶ ಕಾಫಿ ಕುಡಿಯುತ್ತ ಕೂತಿದ್ದ. ಅವನಿಗೂ ಆ ಕರೆಯೋಲೆ ಹೋಗಿತ್ತು, ಅವನೂ ಒತ್ತಿದ್ದ. "ನನ್ನ ಫೋನಲ್ಲಿ ಕೆಂಪಗೆ ಏನೋ ಬಂದು, ಇದು ಬ್ಯಾಡ ಅಂತ ನಿಂತ್ಬುಡ್ತು ಕಣಕ್ಕ" ಎಂದು ಆಗ ತಾನೇ ಹೇಳಿದ್ದ. ಅಪ್‌ಡೇಟ್ ಹಾಕಿಸಿಕೊಂಡ ಫೋನು ಅವನದು. ಹಾಗಾದರೆ ನಾನಿಲ್ಲದ ಇಪ್ಪತ್ತು ನಿಮಿಷ ಗ್ರೂಪನ್ನು ಅವನು ನೋಡಿಕೊಂಡರೆ ಆಗುವುದಿಲ್ಲವೇ? ನಾಲ್ಕು ವರ್ಷದಲ್ಲಿ ಆ ಯೋಚನೆ ನನಗೆ ಯಾಕೆ ಬರಲಿಲ್ಲ? ಬಂದಿತ್ತು. ನಿಜ ಹೇಳುತ್ತೇನೆ, ಬಂದಿತ್ತು. ಆನೆ ಬಂತು ಎಂದು ನನಗಿಂತ ಮೊದಲು ಇನ್ನೊಬ್ಬರು ಹೇಳುವುದು ನನಗೆ ಸಹಿಸುತ್ತಿರಲಿಲ್ಲ, ಅಷ್ಟೆ. ಅವನನ್ನೂ ಅಡ್ಮಿನ್ ಮಾಡಿದೆ. ಕೈ ಮುಷ್ಟಿ ಮಾಡಿಕೊಂಡು ಕೂತೆ. ಹದಿನೆಂಟು ನಿಮಿಷಕ್ಕೇ ಮುಗಿಯಿತು, ಒಂದು ಆನೆಯೂ ಬರಲಿಲ್ಲ.

ಆಮೇಲೆ ಗ್ರೂಪಿಗೆ ಬರೆಯಲಿಲ್ಲ, ನನ್ನ ದನಿ ಗುರುತು ಸಿಗಲೆಂದು ಬಾಯಲ್ಲೇ ಹೇಳಿ ವಾಯ್ಸ್ ಮೆಸೇಜ್ ಹಾಕಿದೆ. ‘ನಾನು ಚಂದ್ರಿಕಾ ಮಾತಾಡೋದು. ತಪ್ಪು ನಂದು. ಯಾರ್ಯಾರು ಆ ಕರೆಯೋಲೆ ಒತ್ತಿದ್ದೀರೋ ಫೋನ್ ತಗೊಂಡು ಹೋಟೆಲಿಗೆ ಬನ್ನಿ. ಒತ್ತದೆ ಇರೋರೂ ಅಪ್‌ಡೇಟ್ ಹಾಕಿಸ್ಕೊಂಡು ಹೋಗಿ. ಕಾಫಿ ನಂದೇ.’

ಭಾನುವಾರ ಬಂದರು ನೋಡಿ! ಲೈನಿನವರು, ತೋಟದವರು, ಜೀಪಿನವರು. ರೊಟ್ಟಿ ಇಡುವ ಮೇಜಿನ ಮೇಲೆ ಸಾಲಾಗಿ ಫೋನುಗಳು, ಎಲ್ಲಕ್ಕೂ ವೈರು. ಧನುಶ್ರೀ ಎರಡು ಕೈ ಸಾಲದೆ ನಾಲ್ಕು ಜನಕ್ಕೆ ಕೆಲಸ ಹಚ್ಚಿದ್ದಳು. ದೇವೀರಪ್ಪಣ್ಣ ಹೊಸ ಶರ್ಟು ಹಾಕಿಕೊಂಡು ಬಂದು, ತಮ್ಮ ಫೋನಿನಲ್ಲಿದ್ದದ್ದನ್ನೆಲ್ಲ ಅಳಿಸಬೇಕು ಎಂದಾಗ, "ಆಲೂರಿನೋರ ನಂಬರ್ ಒಂದನ್ನ ಬರ್ಕೊಂಡು ಅಳ್ಸಮ್ಮ" ಎಂದರು. ಬೆಂಚು ಮುರಿಯುವಷ್ಟು ನಗು. ಬಂದವರೆಲ್ಲರೂ ನನಗೆ ಶುಭೋದಯ ಹೇಳಿಯೇ ಒಳಗೆ ಬರುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಶುಭೋದಯ ಎನ್ನುತ್ತಿದ್ದೆ.

ಕೊನೆಗೆ ಬಂದವಳು ಅಕ್ಕ. ಧನುಶ್ರೀ ಅವಳ ಫೋನನ್ನೂ ಅಳಿಸಿ ಸರಿ ಮಾಡಿ ಅವಳ ಕೈಗೇ ಕೊಟ್ಟಳು. ಅಕ್ಕ ನನ್ನ ಪಕ್ಕ ಕೂತು ಪರದೆಯನ್ನು ನನ್ನ ಕಡೆ ಹಿಡಿದಳು. "ಇದೇನೋ ಕೇಳ್ತೈತೆ. ಒತ್ಲೇನೇ?"

"ತಡಿಯಕ್ಕ. ಏನ್ ಬರ್ದೈತೆ ಅಂತ ಓದ್ತೀನಿ."

"ಓದೋದ್ಯಾಕೆ? ನೀನು ಒತ್ತು ಅಂದ್ರೆ ಒತ್ತೀನಿ."

ಮೂರು ದಿನದ ಹಿಂದೆ ಇದೇ ನಂಬಿಕೆ ಅವಳನ್ನು ಸಲಗದ ಕಾಲಿನ ಹತ್ತಿರಕ್ಕೆ ಕರೆದೊಯ್ದಿತ್ತು. ಅದರಲ್ಲಿ ಒಂದು ಕಾಳಿನಷ್ಟೂ ಕಮ್ಮಿಯಾಗದೆ ಮತ್ತೆ ನನ್ನ ಮುಂದೆ ಬಂದು ಕೂತಿತ್ತು. ಸಂತೋಷಕ್ಕೋ ಹೆದರಿಕೆಗೋ ಕಣ್ಣು ತುಂಬಿತು. ಕಣ್ಣೊರೆಸಿಕೊಂಡು, ಪರದೆಯ ಮೇಲಿದ್ದ ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಓದಿದೆ. ಅರ್ಥವಾಗದ ಎರಡು ಸಾಲನ್ನು ಧನುಶ್ರೀಗೆ ಕೇಳಿ ತಿಳಿದುಕೊಂಡೆ. ಹಿಂದೆ ನಿಂತಿದ್ದವರು ಬೇಗ ಬೇಗ ಎಂದು ಗಲಾಟೆ ಮಾಡಿದರು, ಮಾಡಿಕೊಳ್ಳಲಿ ಎಂದು ಬಿಟ್ಟೆ.

"ಈಗ ಒತ್ತಕ್ಕ" ಎಂದೆ. ಅಕ್ಕ ಒತ್ತಿದಳು.